ಮುಖವಾಡದವನು ಎರಡನೇ ಸಲ ಬಂದಾಗ ಭಯ ಏಕೆ ಕಡಿಮೆಯಾಗುತ್ತದೆ?

ಬಿರುನಾಣಿ ಮಳೆ

ನಾಲ್ಕು ದಿನದಿಂದ ಇಲ್ಲಿ ಮಳೆ ಬಿಟ್ಟಿಲ್ಲ. ಕರೆಂಟ್ ಬಂದರೆ ಒಂದು ಗಂಟೆ, ಹೋದರೆ ಇಡೀ ದಿನ. ರಜೆಗೆ ಬಂದಿರುವ ತಮ್ಮ ತನ್ನ ಲ್ಯಾಪ್‌ಟಾಪ್‌ನಲ್ಲಿ ಹಳೆಯ ಭಯದ ಚಿತ್ರಗಳನ್ನು ತುಂಬಿಕೊಂಡು ಬಂದಿದ್ದಾನೆ. ಮೊನ್ನೆ 1978ರ ‘ಹ್ಯಾಲೋವೀನ್’ ನೋಡಿದೆವು. ನಿನ್ನೆ 1981ರಲ್ಲಿ ಬಂದ ಅದರ ಎರಡನೇ ಭಾಗ. ಮೊದಲನೆಯದನ್ನು ನೋಡಿದ ರಾತ್ರಿ ನಾನು ಹಿತ್ತಿಲ ಬಾಗಿಲಿನ ಚಿಲಕವನ್ನು ಎರಡು ಸಲ ಮುಟ್ಟಿ ನೋಡಿ ಬಂದು ಮಲಗಿದೆ. ಎರಡನೆಯದರಲ್ಲಿ ಹೆಣಗಳು ಹೆಚ್ಚು, ರಕ್ತ ಹೆಚ್ಚು. ಆದರೂ ನಿದ್ದೆ ಸೊಗಸಾಗಿ ಬಂತು.

ಅದೇ ಕೊಲೆಗಾರ, ಅದೇ ಬಿಳಿ ಮುಖವಾಡ. ಕಥೆಯೂ ಅದೇ ರಾತ್ರಿ ಮುಂದುವರಿಯುತ್ತದೆ. ಹಾಗಿದ್ದರೆ ಭಯ ಎಲ್ಲಿ ಸೋರಿಹೋಯಿತು? ಒಂದು ದೃಶ್ಯವನ್ನು ಮಾತ್ರ ನಾನು ಈ ಮಾತಿನಿಂದ ಹೊರಗಿಡುತ್ತೇನೆ. ಕೊನೆಯಲ್ಲಿ ನಾಯಕಿ ಲೋರಿ ಅವನ ಎರಡೂ ಕಣ್ಣಿಗೆ ಗುಂಡು ಹೊಡೆಯುತ್ತಾಳೆ. ಮುಖವಾಡದ ಕಣ್ಣಿನ ತೂತುಗಳಿಂದ ರಕ್ತ ಕಣ್ಣೀರಿನಂತೆ ಇಳಿಯುತ್ತದೆ. ಕುರುಡನಾದ ಅವನು ಸದ್ದು ಬಂದ ಕಡೆಗೆಲ್ಲ ಗಾಳಿಯಲ್ಲಿ ಶಸ್ತ್ರಚಿಕಿತ್ಸೆಯ ಚಾಕು ಬೀಸುತ್ತಾನೆ. ಅದು ಮಾತ್ರ ಇನ್ನೂ ಕಣ್ಣ ಮುಂದಿದೆ.

ಇಂಥ ಚಿತ್ರಗಳನ್ನು ಮನಸ್ಸಿಟ್ಟು ನೋಡಿದವರು ಈ ಚರ್ಚೆಯಲ್ಲಿ ನಿಮ್ಮ ಅಡ್ಡಹೆಸರಿನ ಕೆಳಗೆ ಉತ್ತರ ಬರೆಯಿರಿ. ಚಿತ್ರ ನೋಡಿರದವರಿಗೆ ಒಂದು ಎಚ್ಚರಿಕೆ: ಇಲ್ಲಿ ಕಥೆಯ ಕೊನೆಗಳೆಲ್ಲ ಬಯಲಾಗುತ್ತವೆ.

ಹಳೇ ಕ್ಯಾಸೆಟ್

ನಾನು ಮಡಿಕೇರಿಯಲ್ಲಿ ವಿಡಿಯೋ ಕ್ಯಾಸೆಟ್ ಬಾಡಿಗೆಗೆ ತಂದು ನೋಡುತ್ತಿದ್ದ ಕಾಲದವನು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಒಂದೇ ಪದ: ತಂಗಿ.

ಮೊದಲ ಚಿತ್ರದಲ್ಲಿ ಕೊಲೆಗಾರ ಮೈಕೆಲ್ ಮೈಯರ್ಸ್ ಲೋರಿಯ ಹಿಂದೆ ಏಕೆ ಬೀಳುತ್ತಾನೆ ಎಂಬುದಕ್ಕೆ ಕಾರಣವೇ ಇಲ್ಲ. ಅವಳು ಒಂದು ಖಾಲಿ ಮನೆಯ ಬಾಗಿಲಲ್ಲಿ ಬೀಗದ ಕೈ ಇಡಲು ಹೋದಳು, ಒಳಗಿದ್ದ ಅವನು ನೋಡಿದ, ಅಷ್ಟೇ. ಆ ಬಾಗಿಲಿಗೆ ನೀವು ಹೋಗಿದ್ದರೆ ನೀವು, ನಾನು ಹೋಗಿದ್ದರೆ ನಾನು. ಎರಡನೇ ಭಾಗದಲ್ಲಿ ಲೋರಿ ಅವನ ತಂಗಿ ಎಂದು ತಿಳಿಯುತ್ತದೆ. ತಕ್ಷಣ ಅದು ಒಂದು ಮನೆತನದ ವಿಷಯವಾಗಿಬಿಡುತ್ತದೆ, ನಾವು ಹೊರಗಿನವರಾಗುತ್ತೇವೆ. ನನಗೆ ಅಂಥ ಅಣ್ಣನಿಲ್ಲ, ಹಾಗಾಗಿ ನಾನು ಕ್ಷೇಮ. ಮೊದಲ ಚಿತ್ರವನ್ನು ನಿರ್ದೇಶಿಸಿ, ಎರಡನೆಯದರ ಚಿತ್ರಕಥೆ ಬರೆದ ಜಾನ್ ಕಾರ್ಪೆಂಟರ್ ಅವರೇ ಮುಂದೆ ಇದೊಂದು ಮೂರ್ಖ ನಿರ್ಧಾರ ಎಂದು ಒಪ್ಪಿಕೊಂಡರು. 2018ರಲ್ಲಿ ಬಂದ ಹೊಸ ಚಿತ್ರ ಈ ಅಣ್ಣ–ತಂಗಿ ಸಂಬಂಧವನ್ನು ಜನ ಕಟ್ಟಿದ ಕಥೆ ಎಂದು ತಳ್ಳಿಹಾಕಿ, 1978ರಿಂದ ನೇರವಾಗಿ ಮುಂದುವರಿಯಿತು.

ಮುಖವಾಡದ ಹುಟ್ಟೂ ಇದನ್ನೇ ಹೇಳುತ್ತದೆ. ಅದು ಮೂಲದಲ್ಲಿ ‘ಸ್ಟಾರ್ ಟ್ರೆಕ್’ ಟಿವಿ ಸರಣಿಯ ನಾಯಕ ಕ್ಯಾಪ್ಟನ್ ಕರ್ಕ್ ಮುಖವಾಡ. ಅಂಗಡಿಯಲ್ಲಿ ಎರಡು ಡಾಲರ್‌ಗೂ ಕಡಿಮೆ ಬೆಲೆಗೆ ಸಿಕ್ಕಿದ್ದು. ಚಿತ್ರತಂಡದ ಟಾಮಿ ಲೀ ವ್ಯಾಲೇಸ್ ಅದರ ಹುಬ್ಬು ಮತ್ತು ಕೆನ್ನೆಗೂದಲನ್ನು ತೆಗೆದು, ಕಣ್ಣಿನ ತೂತುಗಳನ್ನು ದೊಡ್ಡದು ಮಾಡಿ, ಬಿಳಿ ಬಣ್ಣ ಹೊಡೆದರು. ಒಬ್ಬ ಮನುಷ್ಯನ ಮುಖದಿಂದ ಆ ಮನುಷ್ಯನನ್ನು ಕಳೆದರೆ ಏನು ಉಳಿಯುತ್ತದೋ ಅದು. ಚಿತ್ರದ ಕೊನೆಯ ಪಟ್ಟಿಯಲ್ಲೂ ಮುಖವಾಡ ತೊಟ್ಟ ನಿಕ್ ಕ್ಯಾಸಲ್ ಅವರ ಪಾತ್ರಕ್ಕೆ ಹೆಸರಿಲ್ಲ, ‘ಆಕಾರ’ ಎಂದಷ್ಟೇ ಇದೆ. ಆಕಾರಕ್ಕೆ ತಂಗಿ ಇರುವುದಿಲ್ಲ.

ಕಾಫಿಕಣ

ಕ್ಯಾಸೆಟ್ ಅಣ್ಣ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ತಂಗಿಯ ವಿಷಯ ತಿಳಿಯುವ ಮೊದಲೇ, ಎರಡನೇ ಭಾಗ ಶುರುವಾದ ಹತ್ತು ನಿಮಿಷದಲ್ಲೇ ನನ್ನ ಭಯ ಹೋಗಿತ್ತು. ಅದಕ್ಕೆ ಕಾರಣ ಬೇರೆ.

ನಮ್ಮದು ಸಿದ್ದಾಪುರದ ಕಡೆ ತೋಟ. ಹಲಸು ಹಣ್ಣಾಗುವ ಕಾಲಕ್ಕೆ ಆನೆ ಬರುತ್ತದೆ. ಹೊರಗಿನವರು ಆನೆ ಎಂದರೆ ದೊಡ್ಡ ಸದ್ದು ಎಂದುಕೊಳ್ಳುತ್ತಾರೆ. ಆನೆ ನಡೆಯುವಾಗ ಸದ್ದೇ ಇಲ್ಲ. ಕೊಂಬೆ ಮುರಿಯುವ ಸದ್ದು ಕೇಳುತ್ತಿರುವಷ್ಟು ಹೊತ್ತು ನಮಗೆ ಧೈರ್ಯವಿರುತ್ತದೆ, ಏಕೆಂದರೆ ಅದು ಎಲ್ಲಿದೆ ಎಂದು ಗೊತ್ತು. ಆ ಸದ್ದು ನಿಂತಾಗ ಕೆಲಸಗಾರರ ಲೈನ್ ಮನೆಗಳಲ್ಲಿ ಮಾತು ನಿಲ್ಲುತ್ತದೆ, ನಾಯಿ ಮಂಚದ ಕೆಳಗೆ ಸೇರುತ್ತದೆ. ಆಗ ಎದೆಯ ಮೇಲೆ ಕೂರುವ ಭಾರವನ್ನು ನಾನು ಬಾಲ್ಯದಿಂದ ಬಲ್ಲೆ.

ಮೊದಲ ಚಿತ್ರದ ಕೊನೆ ನೆನಪಿಸಿಕೊಳ್ಳಿ. ಮೈಕೆಲ್‌ನ ಮನೋವೈದ್ಯ ಡಾಕ್ಟರ್ ಲೂಮಿಸ್ ಅವನಿಗೆ ಆರು ಗುಂಡು ಹೊಡೆಯುತ್ತಾರೆ. ಅವನು ಮಹಡಿಯಿಂದ ಕೆಳಗೆ ಬೀಳುತ್ತಾನೆ. ಬಗ್ಗಿ ನೋಡಿದರೆ ಹುಲ್ಲಿನ ಮೇಲೆ ಯಾರೂ ಇಲ್ಲ. ಆಮೇಲೆ ಕ್ಯಾಮೆರಾ ಆವರೆಗೆ ಕಥೆ ನಡೆದ ಖಾಲಿ ಕೋಣೆ, ಖಾಲಿ ಮೆಟ್ಟಿಲು, ಖಾಲಿ ಮನೆಗಳನ್ನು ಒಂದೊಂದಾಗಿ ತೋರಿಸುತ್ತದೆ. ಎಲ್ಲದರ ಮೇಲೂ ಅವನ ಉಸಿರಾಟ. ಕೊಂಬೆ ಮುರಿಯುವ ಸದ್ದು ನಿಂತ ಗಳಿಗೆ ಅದೇ. ಮನೆಯಲ್ಲಿ ಕೋವಿ ಇರುವ ನಮ್ಮಂಥವರಿಗೆ ಅದು ಇನ್ನೂ ಆಳಕ್ಕೆ ನಾಟುತ್ತದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೋಳ್ದ್ ದಿನ ಕೋವಿಗೆ ಹೂವಿಟ್ಟು ಪೂಜಿಸುವ ಮನೆಯಲ್ಲಿ ಬೆಳೆದವನಿಗೆ, ಗುರಿ ತಪ್ಪದ ಆರು ಗುಂಡೂ ಕೆಲಸಕ್ಕೆ ಬರಲಿಲ್ಲ ಎಂಬುದು ಸಣ್ಣ ಮಾತಲ್ಲ.

ಎರಡನೇ ಭಾಗ ಏನು ಮಾಡಿತು? ಅವನು ಓಣಿಯಲ್ಲಿ ನಡೆಯುವುದನ್ನು, ಒಬ್ಬ ಮುದುಕಿಯ ಅಡುಗೆಮನೆಯಿಂದ ಚಾಕು ಎತ್ತಿಕೊಳ್ಳುವುದನ್ನು ತೋರಿಸಿತು. ಅಲ್ಲಿದ್ದಾನೆ ಎಂದಿತು. ಮೊದಲ ಚಿತ್ರ ‘ಎಲ್ಲಿ?’ ಎಂಬ ಪ್ರಶ್ನೆಯನ್ನು ನಮ್ಮ ಮನೆಗೆ ಕಳುಹಿಸಿತ್ತು. ಎರಡನೆಯದು ಅದಕ್ಕೆ ಉತ್ತರ ಕೊಟ್ಟು ಪ್ರಶ್ನೆಯನ್ನು ಹಿಂದಕ್ಕೆ ಪಡೆಯಿತು.

ರಾತ್ರಿಪಾಳಿ

ನಾನು ನರ್ಸ್. ಇಲ್ಲಿ ಎಲ್ಲರೂ ಎರಡನೇ ಭಾಗವನ್ನು ಕೆಳಗೆ ಹಾಕುತ್ತಿದ್ದೀರಿ, ನನಗೆ ಒಪ್ಪಿಗೆ ಇಲ್ಲ. ನನಗೆ ಅದು ಮೊದಲನೆಯದಕ್ಕಿಂತ ಹೆಚ್ಚು ಭಯ ತಂದಿತು.

ಅದು ನಡೆಯುವುದು ಆಸ್ಪತ್ರೆಯಲ್ಲಿ. ಲೋರಿಗೆ ಮಂಪರು ಬರಿಸುವ ಮದ್ದು ಕೊಟ್ಟಿದ್ದಾರೆ, ಕಾಲು ಊರಲಾಗದು. ಕೊನೆಯ ಹೊತ್ತಿಗೆ ಅವಳು ವಾಹನಗಳು ನಿಲ್ಲುವ ಜಾಗದಲ್ಲಿ ನೆಲದ ಮೇಲೆ ತೆವಳುತ್ತಾಳೆ. ಕಾಪಾಡಬಲ್ಲವರು ಕಣ್ಣೆದುರೇ ಕಾರಿನಿಂದ ಇಳಿದು ಒಳಗೆ ಹೋಗುತ್ತಿದ್ದಾರೆ. ಅವಳು ಕೂಗಲು ಬಾಯಿ ತೆರೆಯುತ್ತಾಳೆ, ದನಿ ಹೊರಡುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಅರೆ ಎಚ್ಚರದಲ್ಲಿರುವ ರೋಗಿಗಳು ಹೀಗೆ ಕರೆಯಲು ಹೆಣಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ತುಟಿ ಅಲುಗುತ್ತದೆ, ಕಣ್ಣು ನಮ್ಮನ್ನೇ ಹುಡುಕುತ್ತದೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಆ ಕರೆ ಯಾರಿಗೂ ಮುಟ್ಟುವುದಿಲ್ಲ. ಆ ದೃಶ್ಯದ ಮುಂದೆ ಮುಖವಾಡ ಎರಡನೆಯ ಮಾತು.

ತಪ್ಪನ್ನೂ ಹೇಳುತ್ತೇನೆ. ಅಷ್ಟು ಖಾಲಿಯಾದ ಆಸ್ಪತ್ರೆ ಇರುವುದಿಲ್ಲ. ರಾತ್ರಿ ಎರಡು ಗಂಟೆಗೂ ಯಾರಾದರೂ ಕೆಮ್ಮುತ್ತಿರುತ್ತಾರೆ, ಯಾರದೋ ಸಂಬಂಧಿಕರು ಫ್ಲಾಸ್ಕ್ ಹಿಡಿದು ಬಿಸಿನೀರು ಕೇಳುತ್ತಿರುತ್ತಾರೆ. ನಿರ್ದೇಶಕರು ಆ ಕೆಮ್ಮನ್ನು ಉಳಿಸಿಕೊಂಡು, ಒಂದು ಗಳಿಗೆಯಲ್ಲಿ ಅದನ್ನು ನಿಲ್ಲಿಸಿದ್ದರೆ ಕಾಫಿಕಣ ಅವರ ಆನೆ ಅಲ್ಲಿಯೇ ಬಂದು ನಿಲ್ಲುತ್ತಿತ್ತು.

ಹಳೇ ಕ್ಯಾಸೆಟ್

ನರ್ಸಕ್ಕನ ಮಾತಿಗೆ ಒಂದು ಸಂಗತಿ ಸೇರಿಸುತ್ತೇನೆ. ನಿರ್ದೇಶಕ ರಿಕ್ ರೋಸೆಂಥಾಲ್ ಮೊದಲ ಚಿತ್ರದ ಹಾಗೆ ಕಾಯಿಸಿ ಕಾಯಿಸಿ ಹೆದರಿಸುವ ಚಿತ್ರವನ್ನೇ ಮಾಡಲು ಹೊರಟಿದ್ದರು. ಅದನ್ನು ನೋಡಿದ ಕಾರ್ಪೆಂಟರ್‌ಗೆ ತೀರಾ ಸಪ್ಪೆ ಎನಿಸಿ, ರಕ್ತದ ದೃಶ್ಯಗಳನ್ನು ತಾವೇ ಚಿತ್ರೀಕರಿಸಿ ಸೇರಿಸಿದರು. ಅಷ್ಟರಲ್ಲಿ ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಕಡಿಯುತ್ತಾ ಹೋಗುವ ಬೇರೆ ‘ಸ್ಲ್ಯಾಷರ್’ ಚಿತ್ರಗಳು ಬಂದು ಪ್ರೇಕ್ಷಕರ ರುಚಿ ಬದಲಾಗಿತ್ತು. ತಮ್ಮದೇ ಚಿತ್ರದ ಮೌನವನ್ನು ಅವರೇ ನಂಬದೆ ಹೋದರಲ್ಲ ಎಂದು ನನಗೆ ಇಂದಿಗೂ ಬೇಸರವಿದೆ.

ಗೋಲುಗಂಬ

ಮುಖವಾಡದ ಬಗ್ಗೆ ಎಲ್ಲರೂ ಹೊರಗಿನಿಂದ ನೋಡಿ ಬರೆಯುತ್ತಿದ್ದೀರಿ. ನಾನು ಒಳಗಿನಿಂದ ಬರೆಯುತ್ತೇನೆ.

ಹದಿನೈದು ವರ್ಷ ಗೋಲ್‌ಕೀಪರ್ ಆಗಿದ್ದೆ. ಕಾಲೇಜಿಗೆ ಆಡಿದೆ, ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿ ಉತ್ಸವದಲ್ಲಿ ನಮ್ಮ ಮನೆತನಕ್ಕೂ ಆಡಿದೆ. 1997ರಲ್ಲಿ ಕರಡ ಗ್ರಾಮದಲ್ಲಿ ಆ ಉತ್ಸವ ಶುರುವಾದಾಗ ಗಡಿಯ ಹಗ್ಗಕ್ಕೆ ಒರಗಿ ನೋಡಿದ ಹುಡುಗರಲ್ಲಿ ನಾನೂ ಒಬ್ಬ. ಮುಖರಕ್ಷಕ ಹಾಕಿದ ತಕ್ಷಣ ಮೂರು ಸಂಗತಿ ಆಗುತ್ತವೆ. ನಿಮ್ಮ ಉಸಿರು ನಿಮಗೇ ದೊಡ್ಡದಾಗಿ ಕೇಳುತ್ತದೆ. ಪಕ್ಕದ ನೋಟ ಹೋಗಿ ಎದುರಿಗಿರುವುದು ಮಾತ್ರ ಉಳಿಯುತ್ತದೆ. ಮೂರನೆಯದು ಎದುರಾಳಿಗೆ ಸೇರಿದ್ದು: ನಾನು ಎಲ್ಲಿ ನೋಡುತ್ತಿದ್ದೇನೆ ಎಂದು ಅವನಿಗೆ ತಿಳಿಯುವುದಿಲ್ಲ. ಪೆನಾಲ್ಟಿ ಹೊಡೆಯಲು ಬರುವವನು ಮೊದಲು ಹುಡುಕುವುದು ಕೀಪರನ ಕಣ್ಣನ್ನು. ಅದು ಸಿಗದಿದ್ದಾಗ ಅವನ ಹೆಜ್ಜೆಯಲ್ಲಿ ಒಂದು ಸಣ್ಣ ಅನುಮಾನ ಹುಟ್ಟುತ್ತದೆ. ನಾನು ಅಲುಗದೆ ನಿಂತಷ್ಟೂ ಆ ಅನುಮಾನ ಬೆಳೆಯುತ್ತದೆ. ನಾನು ಏನನ್ನೂ ಮಾಡಿರುವುದಿಲ್ಲ, ಸುಮ್ಮನೆ ನಿಂತಿರುತ್ತೇನೆ.

ಅದಕ್ಕೇ ‘ಫ್ರೈಡೇ ದ ಥರ್ಟೀಂತ್’ ಸರಣಿಯ ಕೊಲೆಗಾರ ಜೇಸನ್ ನನಗೆ ಹತ್ತಿರದವನು. ಅವನಿಗೆ ಹಾಕಿ ಮುಖವಾಡ ಸಿಕ್ಕಿದ್ದು 1982ರ ಮೂರನೇ ಭಾಗದಲ್ಲಿ. ಚಿತ್ರತಂಡದಲ್ಲಿದ್ದ ಒಬ್ಬ ಹಾಕಿ ಅಭಿಮಾನಿಯ ಚೀಲದಿಂದ ಅದು ಹೊರಬಂದಿತ್ತು. ಅದು ನಮ್ಮ ಹಾಕಿಯದಲ್ಲ, ಐಸ್ ಹಾಕಿಯದು. ಅಲ್ಲಿ ಕೀಪರ್‌ಗಳು ಮೊದಲು ಮುಖಕ್ಕೆ ಏನೂ ಹಾಕದೆ ನಿಲ್ಲುತ್ತಿದ್ದರು. 1959ರ ನವೆಂಬರ್ 1ರಂದು ಮಾಂಟ್ರಿಯಲ್ ತಂಡದ ಜಾಕ್ ಪ್ಲಾಂಟ್ ಮುಖಕ್ಕೆ ಪಕ್ (ಚೆಂಡಿನ ಬದಲು ಬಳಸುವ ಗಟ್ಟಿ ರಬ್ಬರ್ ಬಿಲ್ಲೆ) ಬಡಿದು ಗಾಯವಾಯಿತು. ಹೊಲಿಗೆ ಹಾಕಿಸಿಕೊಂಡ ಅವರು ಮುಖವಾಡವಿಲ್ಲದೆ ಮತ್ತೆ ಅಂಕಣಕ್ಕೆ ಇಳಿಯುವುದಿಲ್ಲ ಎಂದು ಹಟ ಹಿಡಿದರು. ಬಾಸ್ಟನ್ ತಂಡದ ಗೆರಿ ಚೀವರ್ಸ್ ಇನ್ನೂ ಮುಂದೆ ಹೋದರು. ಪಕ್ ಮುಖವಾಡಕ್ಕೆ ಬಡಿದಾಗಲೆಲ್ಲ, ಅದು ಇಲ್ಲದಿದ್ದರೆ ಮುಖದ ಮೇಲೆ ಎಲ್ಲಿ ಹೊಲಿಗೆ ಬೀಳುತ್ತಿತ್ತೋ ಅಲ್ಲಿ ಕಪ್ಪು ಹೊಲಿಗೆಯ ಗುರುತು ಬರೆಸಿದರು. ವರ್ಷಗಳು ಕಳೆದಂತೆ ಇಡೀ ಮುಖವಾಡ ಗಾಯದ ಗುರುತುಗಳಿಂದ ತುಂಬಿತು. ಕೀಪರ್ ಆಗಿದ್ದವನಿಗೆ ಆ ಚಿತ್ರ ನೋಡಿದರೆ ಗಂಟಲು ಕಟ್ಟುತ್ತದೆ.

ಈಗ ಎರಡನೇ, ಮೂರನೇ ಭಾಗಗಳ ಮಾತಿಗೆ ಬರುತ್ತೇನೆ. ಮೂರನೇ ಭಾಗದ ಕೊನೆಯಲ್ಲಿ ಜೇಸನ್ ತಲೆಗೆ ಕೊಡಲಿಯೇಟು ಬೀಳುತ್ತದೆ, ಮುಖವಾಡದ ಹಣೆ ಸೀಳುತ್ತದೆ. 1984ರ ನಾಲ್ಕನೇ ಭಾಗದಲ್ಲಿ ಆ ಸೀಳು ಹಾಗೆಯೇ ಇದೆ. ಯಾರೂ ಅದರ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಹಿಂದಿನ ಚಿತ್ರ ನೋಡಿದವನಿಗೆ ಮಾತ್ರ ಅದು ಕಾಣುತ್ತದೆ. 1985ರ ಐದನೇ ಭಾಗದಲ್ಲಿ ಮುಖವಾಡದ ಮೇಲಿನ ಕೆಂಪು ಗುರುತುಗಳು ನೀಲಿಯಾಗಿವೆ, ಏಕೆಂದರೆ ಅದರೊಳಗೆ ಇರುವವನು ಬೇರೆ. ಗುರುತು ನೋಡಿ ಆಟಗಾರನನ್ನು ಹೇಳುವ ನಮ್ಮಂಥವರಿಗೆ ಚಿತ್ರ ಮೊದಲೇ ಸುಳಿವು ಕೊಟ್ಟಿದೆ. ನನ್ನ ಮಟ್ಟಿಗೆ ಮುಂದುವರಿದ ಭಾಗದ ಭಯ ಇರಬೇಕಾದ್ದು ಇಲ್ಲಿ. ಅವನು ಏಕೆ ಕೊಲ್ಲುತ್ತಾನೆಂದು ನನಗೆ ಹೇಳಬೇಡಿ. ಅವನಿಗೆ ಏನೇನು ಬಡಿದಿದೆ, ಆದರೂ ಬಂದಿದ್ದಾನೆ ಎಂಬುದನ್ನು ತೋರಿಸಿ. ಬಿರುನಾಣಿಯ ತಂಗಿಗೆ ರಕ್ತದ ಕಣ್ಣೀರು ಮರೆಯದಿರುವುದಕ್ಕೂ ಇದೇ ಕಾರಣ ಇರಬಹುದು. ಆ ಖಾಲಿ ಮುಖದ ಮೇಲೆ ಮೊದಲ ಬಾರಿಗೆ ಏನೋ ಬರೆಯಲ್ಪಟ್ಟಿತು.

ಸೋಮವಾರಪೇಟೆ ಓದುಗ

ಜೇಸನ್‌ಗೆ ಹಾಕಿ ಮುಖವಾಡಕ್ಕಿಂತ 1981ರ ಎರಡನೇ ಭಾಗದ ಬಟ್ಟೆ ಚೀಲವೇ ಭಯಾನಕ ಎಂದು ನನ್ನ ವಾದ. ತಲೆಯ ಮೇಲೆ ಎಳೆದುಕೊಂಡ ಒಂದು ಚೀಲ, ಒಂದೇ ಕಣ್ಣಿಗೆ ತೂತು. ಮಳೆಗಾಲದ ಸಂಜೆ ಗದ್ದೆ ಏರಿಯ ಮೇಲೆ ಗೋಣಿಕೊಪ್ಪೆ ಹೊದ್ದು ಬರುವವನು ಹತ್ತಿರ ಬರುವವರೆಗೆ ಯಾರೆಂದು ತಿಳಿಯುವುದಿಲ್ಲ. ಆ ಅರ್ಧ ನಿಮಿಷ ಆ ಚೀಲದಲ್ಲಿದೆ. 1986ರ ಆರನೇ ಭಾಗದಲ್ಲಿ ಸಿಡಿಲು ಬಡಿದು ಅವನು ಸಮಾಧಿಯಿಂದ ಎದ್ದ ಮೇಲೆ ನನಗೆ ಭಯವೇ ಉಳಿಯಲಿಲ್ಲ. ಸತ್ತವನಿಗೆ ಗಾಯವಾದರೆ ಏನಾಯಿತು?

ದೇವರಪುರದ ಕಡೆಯವನು

ನಮ್ಮೂರಿನಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಜೇನುಕುರುಬರು, ಎರವರು ಮುಖಕ್ಕೆ ಬಣ್ಣ ಬಳಿದು, ಮುಖವಾಡ ಹಾಕಿ, ಗಂಡಸರು ಸೀರೆ ಉಟ್ಟು, ಡಬ್ಬ ಬಡಿಯುತ್ತಾ ದಾರಿಯಲ್ಲಿ ಕಂಡವರನ್ನು ಬೈದು ಹಾಡಿ ಕಾಸು ಕೇಳುತ್ತಾರೆ. ದೇವರನ್ನೂ ಬಿಡದೆ ಬೈಯುತ್ತಾರೆ. ಚಿಕ್ಕಂದಿನಲ್ಲಿ ನಾನು ಅಮ್ಮನ ಸೆರಗಿನ ಹಿಂದೆ ಅಡಗುತ್ತಿದ್ದೆ. ಒಂದು ವರ್ಷ ಒಬ್ಬ ವೇಷಧಾರಿ ನನ್ನ ಹೆಸರು ಹಿಡಿದು ಕರೆದ. ಧ್ವನಿಯಿಂದ ತಿಳಿಯಿತು, ನಮ್ಮ ತೋಟದಲ್ಲಿ ಮೆಣಸು ಕೊಯ್ಯುವ ಅಣ್ಣ. ಭಯ ಅಲ್ಲಿಗೇ ಇಳಿಯಿತು. ಮಾರನೆಯ ದಿನ ಅವರೇ ಏಣಿ ಹೊತ್ತು ಬಂದರು.

‘ಸ್ಕ್ರೀಮ್’ ಸರಣಿ ಇದನ್ನು ತಿರುವು ಹಾಕುತ್ತದೆ ಎಂದು ನನಗೆ ಅನಿಸುತ್ತದೆ. ಅಲ್ಲಿ ಮುಖವಾಡ ಕಳಚಿದಾಗ ಪರಿಚಿತ ಮುಖ ಕಾಣುತ್ತದೆ, ಭಯ ಶುರುವಾಗುವುದು ಆಗ. ಮುಖವಾಡ ಅಂಗಡಿಯ ಸರಕು, ಯಾರು ಬೇಕಾದರೂ ಕೊಳ್ಳಬಹುದು. 1997ರ ಎರಡನೇ ಭಾಗದ ಆರಂಭದಲ್ಲಿ ಚಿತ್ರಮಂದಿರದ ತುಂಬ ಜನ ಅದೇ ಮುಖವಾಡ ತೊಟ್ಟು ಕುಣಿಯುತ್ತಿದ್ದಾರೆ. ಅವರ ನಡುವೆ ಒಬ್ಬಳು ಇರಿತಕ್ಕೆ ಒಳಗಾಗಿ ಪರದೆಯ ಮುಂದೆ ಬಂದು ಬೀಳುತ್ತಾಳೆ. ಅದನ್ನು ಪ್ರಚಾರದ ಆಟ ಎಂದೇ ಜನ ತಿಳಿಯುತ್ತಾರೆ. ಅದೇ ಚಿತ್ರದಲ್ಲಿ ಇನ್ನೊಂದು ದೃಶ್ಯವಿದೆ. ಅಪಘಾತವಾದ ಪೊಲೀಸ್ ಕಾರಿನಲ್ಲಿ ಕೊಲೆಗಾರ ಪ್ರಜ್ಞೆ ತಪ್ಪಿದ್ದಾನೆ. ಹಿಂದಿನ ಬಾಗಿಲು ತೆರೆಯದು. ನಾಯಕಿ ಸಿಡ್ನಿ ಮತ್ತು ಗೆಳತಿ ಅವನ ಮೈಮೇಲೆ ಹಾಯ್ದು ಮುಂದಿನ ಕಿಟಕಿಯಿಂದ ಹೊರಬರಬೇಕು. ಇರಿತವಿಲ್ಲ, ಓಟವಿಲ್ಲ. ಕೈ ಚಾಚಿದರೆ ಮುಖವಾಡ ತೆಗೆದು ನೋಡಬಹುದು. ನಾನು ಉಸಿರು ಬಿಗಿಹಿಡಿದು ನೋಡಿದ ದೃಶ್ಯಗಳಲ್ಲಿ ಅದಕ್ಕೆ ಮೊದಲ ಸ್ಥಾನ.

ಧ್ವನಿಯ ಬಗ್ಗೆಯೂ ಹೇಳಬೇಕು. ಫೋನಿನಲ್ಲಿ ಮಾತಾಡುವ ಕೊಲೆಗಾರನ ಆ ಧ್ವನಿ ರೋಜರ್ ಜಾಕ್ಸನ್ ಅವರದು. ಜಾಕ್ಸನ್ ಅವರನ್ನು ನಿರ್ದೇಶಕ ವೆಸ್ ಕ್ರೇವನ್ ನಟರ ಕಣ್ಣಿಗೆ ಬೀಳದಂತೆ ಬಚ್ಚಿಟ್ಟು, ನಿಜವಾಗಿಯೂ ಫೋನಿನಲ್ಲೇ ಮಾತಾಡಿಸಿದರು. ಆ ಧ್ವನಿಗೆ ಮುಖ ಕಲ್ಪಿಸಿಕೊಳ್ಳಲು ನಟರಿಗೂ ಅವಕಾಶ ಇರಲಿಲ್ಲ.

ಬಿರುನಾಣಿ ಮಳೆ

ಎಲ್ಲವನ್ನೂ ಓದಿದೆ. ಗೋಲುಗಂಬ ಅಣ್ಣನ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಒಂದು ಅನುಮಾನವಿದೆ. ನಮ್ಮಲ್ಲಿ ತೆರೆ ಕಟ್ಟುತ್ತಾರೆ, ಅಂದರೆ ದೈವದ ವೇಷ ಹಾಕಿ ಕುಣಿಯುತ್ತಾರೆ. ಮುಖಕ್ಕೆ ಬಣ್ಣ ಬರೆಯುವುದನ್ನು, ತಲೆಗೆ ಮುಡಿ ಕಟ್ಟುವುದನ್ನು ಮಕ್ಕಳಾಗಿ ಹತ್ತಿರ ಕೂತು ನೋಡಿದ್ದೇವೆ. ಒಳಗಿರುವವರು ಯಾರೆಂದು ಊರಿಗೆಲ್ಲ ಗೊತ್ತು. ಆದರೂ ಚೆಂಡೆ ಏರಿದ ಮೇಲೆ ಅವರು ತಿರುಗಿ ನೋಡಿದರೆ ಮೈ ನಡುಗುತ್ತದೆ, ಕೈ ತಾನಾಗಿ ಮುಗಿಯುತ್ತದೆ. ಅಲ್ಲಿ ಏನೂ ಅಡಗಿಲ್ಲ. ಹಾಗಾದರೆ ಭಯಕ್ಕೆ ಅಡಗಿರುವುದು ಬೇಕೇ?

ಹಳೇ ಕ್ಯಾಸೆಟ್

ಒಳ್ಳೆಯ ಪ್ರಶ್ನೆ, ತಂಗಿ. ತೆರೆಯ ಬಣ್ಣ ಮುಖವನ್ನು ತುಂಬುತ್ತದೆ. ಕಣ್ಣು ದೊಡ್ಡದಾಗುತ್ತದೆ, ಆ ಕಣ್ಣು ನಮ್ಮನ್ನು ನೋಡುತ್ತದೆ, ಮಾತಾಡಿಸುತ್ತದೆ, ಅಕ್ಕಿ ಕೊಟ್ಟು ಹರಸುತ್ತದೆ. ಬೇಡಿದರೆ ಕೇಳಿಸಿಕೊಳ್ಳುವ ಭಯ ಅದು. ಬಿಳಿ ಮುಖವಾಡದ ಮುಂದೆ ಬೇಡಿ ಪ್ರಯೋಜನವಿಲ್ಲ. ಎರಡಕ್ಕೂ ಕನ್ನಡದಲ್ಲಿ ಭಯ ಎಂದೇ ಹೇಳುತ್ತೇವೆ, ಆದರೆ ಒಂದರ ಎದುರು ನಾವು ಬಾಗುತ್ತೇವೆ, ಇನ್ನೊಂದರಿಂದ ಓಡುತ್ತೇವೆ.

ಮಕ್ಕಂದೂರು

ನಾನು ಇಂಥ ಚಿತ್ರಗಳನ್ನು ಹೆಚ್ಚು ನೋಡಿದವಳಲ್ಲ. ಇಲ್ಲಿ ಬರೆಯಬೇಕೇ ಬೇಡವೇ ಎಂದು ಎರಡು ದಿನ ಯೋಚಿಸಿದೆ. ಸಿನಿಮಾಕ್ಕೂ ನಮಗಾದದ್ದಕ್ಕೂ ಹೋಲಿಕೆ ಇಲ್ಲ, ಹೋಲಿಸುವುದೂ ಇಲ್ಲ. ಎರಡನೇ ಸಲದ ಭಯ ಏನೆಂದು ಮಾತ್ರ ಹೇಳುತ್ತೇನೆ.

2018ರ ಆಗಸ್ಟ್‌ನಲ್ಲಿ ಬೆಟ್ಟ ಜಾರಿದಾಗ ನಮಗೆ ಭಯಪಡಲು ಸಮಯವೇ ಇರಲಿಲ್ಲ. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಓಡಿದ್ದೆವು. ಭಯ ಬಂದದ್ದು ಮರುವರ್ಷ, ಮೊದಲ ಜೋರು ಮಳೆ ಬಿದ್ದ ರಾತ್ರಿ. ಅದೇ ಹೆಂಚಿನ ಮೇಲೆ ಅದೇ ಸದ್ದು. ಆದರೆ ಈಗ ಅದರ ಅರ್ಥ ಗೊತ್ತಿತ್ತು. ಆ ಮಳೆಗಾಲದಲ್ಲೇ ತೋರ ಗ್ರಾಮದಲ್ಲಿ ಗುಡ್ಡ ಕುಸಿಯಿತು. ಮರುವರ್ಷ ತಲಕಾವೇರಿಯ ಬ್ರಹ್ಮಗಿರಿ. ನಮ್ಮತ್ತೆ ಇಂದಿಗೂ ಆಗಸ್ಟ್‌ನಲ್ಲಿ ಚೀಲವೊಂದಕ್ಕೆ ಕಾಗದಪತ್ರ ತುಂಬಿ ಬಾಗಿಲ ಬಳಿ ಇಟ್ಟುಕೊಂಡೇ ಮಲಗುತ್ತಾರೆ. ಎರಡನೇ ಚಿತ್ರ ಮೊದಲನೆಯದಕ್ಕಿಂತ ಹೊಸದೇನನ್ನೋ ತರಬೇಕು ಎಂದು ನೀವೆಲ್ಲ ಹೇಳುತ್ತೀರಿ. ನನಗೆ ಹಾಗೆ ಕಾಣುವುದಿಲ್ಲ. ಅದೇ ಸದ್ದು ಸಾಕು.

ಕಾಫಿಕಣ

ಅಕ್ಕ, ಬರೆದದ್ದು ಒಳ್ಳೆಯದಾಯಿತು. ನಾನು ‘ಎಲ್ಲಿ?’ ಎಂಬುದಕ್ಕೆ ಉತ್ತರ ಸಿಕ್ಕರೆ ಭಯ ಹೋಗುತ್ತದೆ ಎಂದಿದ್ದೆ. ನಿಮ್ಮ ಮಾತು ಓದಿದ ಮೇಲೆ ಅದು ಪೂರ್ತಿ ಸರಿಯಲ್ಲ ಎಂದು ತಿಳಿಯಿತು. ಬೆಟ್ಟ ಎಲ್ಲಿದೆ ಎಂದು ನಿಮಗೆ ಗೊತ್ತೇ ಇತ್ತು.

ರಾತ್ರಿಪಾಳಿ

ಸದ್ದಿನ ಮಾತು ಬಂದದ್ದರಿಂದ ಒಂದು ವಿಷಯ. ನಾನು ಚಿಕ್ಕವಳಿದ್ದಾಗ ನಾಲ್ಕು ವರ್ಷ ಸಂಗೀತ ಕಲಿತಿದ್ದೆ. ‘ಹ್ಯಾಲೋವೀನ್’ನ ಪಿಯಾನೋ ಐದರ ಲೆಕ್ಕದಲ್ಲಿ ಓಡುತ್ತದೆ, ಕರ್ನಾಟಕ ಸಂಗೀತದ ಐದೆಣಿಕೆಯ ತಾಳ ಖಂಡ ಚಾಪಿನ ಹಾಗೆ ಎಣಿಸಬಹುದು. ಕಾರ್ಪೆಂಟರ್ ಚಿಕ್ಕವರಿದ್ದಾಗ ತಂದೆ ಬೊಂಗೋ ಮೇಲೆ ಈ ಐದರ ಲಯ ಹೇಳಿಕೊಟ್ಟಿದ್ದರಂತೆ. ಹೆಜ್ಜೆ ಎರಡರ ಲೆಕ್ಕದಲ್ಲಿ ಬೀಳುತ್ತದೆ. ಐದು ಎಣಿಸುತ್ತಾ ನಡೆದು ನೋಡಿ, ಪ್ರತಿ ಸುತ್ತಿಗೂ ಕಾಲು ಅದಲುಬದಲಾಗುತ್ತದೆ. ಎರಡನೇ ಭಾಗದಲ್ಲಿ ಅದೇ ರಾಗವನ್ನು ಅಲನ್ ಹೊವಾರ್ತ್ ಜೊತೆ ಸೇರಿ ಸಿಂಥಸೈಸರ್‌ನಲ್ಲಿ ಮತ್ತೆ ನುಡಿಸಿದ್ದಾರೆ. ಮುಂದೆ ನೋಡುವಾಗ ಸ್ವಲ್ಪ ಹೊತ್ತು ಸದ್ದು ನಿಲ್ಲಿಸಿ ನೋಡಿ, ಬಿರುನಾಣಿ. ಆಮೇಲೆ ಚಿತ್ರ ಮುಚ್ಚಿ ಸದ್ದು ಮಾತ್ರ ಕೇಳಿ. ಏನಾಯಿತು ಎಂದು ಬರೆಯಿರಿ.

ಬಿರುನಾಣಿ ಮಳೆ

ಇಂದು ಸಂಜೆ ಕರೆಂಟ್ ಬಂದಾಗ ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು, ನರ್ಸಕ್ಕ ಹೇಳಿದ ಹಾಗೆ ಎರಡನೇ ಭಾಗದ ಕೊನೆಯ ಇಪ್ಪತ್ತು ನಿಮಿಷವನ್ನು ಎರಡು ಸಲ ನೋಡಿದೆವು.

ಸದ್ದು ನಿಲ್ಲಿಸಿ ನೋಡಿದಾಗ ಅವನು ನಿಧಾನವಾಗಿ ನಡೆಯುವ ಒಬ್ಬ ದಣಿದ ಮನುಷ್ಯನಂತೆ ಕಂಡ. ಮುಖವಾಡ ಮೊದಲ ಚಿತ್ರದ್ದೇ ಎಂದು ತಮ್ಮ ಎಲ್ಲೋ ಓದಿದ್ದಾನೆ. ಮೂರು ವರ್ಷ ನಿರ್ಮಾಪಕಿ ಡೆಬ್ರಾ ಹಿಲ್ ಮನೆಯಲ್ಲಿ ಮಂಚದ ಕೆಳಗಿದ್ದು ಸಿಗರೇಟಿನ ಹೊಗೆಗೆ ಹಳದಿಯಾಗಿತ್ತಂತೆ. ಈ ಸಲ ಅದನ್ನು ತೊಟ್ಟ ಡಿಕ್ ವಾರ್ಲಾಕ್ ಅವರ ತಲೆಯ ಆಕಾರವೂ ಬೇರೆ. ಹಾಗಾಗಿ ಅದು ಅಗಲವಾಗಿ, ಹಳೆಯದಾಗಿ ಕಾಣುತ್ತದೆ. ಮೊದಲ ಸಲ ನೋಡಿದಾಗ ಏನೋ ಸರಿಯಿಲ್ಲ ಎನಿಸಿತ್ತು. ಇಂದು ಆ ಹಳದಿಯೇ ಇಷ್ಟವಾಯಿತು. ರಕ್ತದ ಕಣ್ಣೀರು ಇಳಿದಾಗ ನನಗೆ ಅವನ ಮೇಲೆ ಕನಿಕರ ಹುಟ್ಟಿತು, ಅದನ್ನು ನಾನು ಎಣಿಸಿರಲಿಲ್ಲ.

ಆಮೇಲೆ ಪರದೆಯ ಮೇಲೆ ಟವೆಲ್ ಹಾಕಿ ಸದ್ದು ಮಾತ್ರ ಕೇಳಿದೆವು. ಹೊರಗೆ ಮಳೆ ಹಿಡಿದಿತ್ತು. ಮುಖವಾಡದೊಳಗಿನ ಉಸಿರಾಟ ಬಂತು, ಆಮೇಲೆ ಗ್ಯಾಸ್ ಬಿಟ್ಟ ಸುಯ್ಯೆಂಬ ಸದ್ದು, ಅದರ ನಡುವೆ ಗಾಳಿಯನ್ನು ಸೀಳುವ ಚಾಕು. ಎಲ್ಲಿ ಚಿತ್ರದ ಸದ್ದು ನಿಂತು ನಮ್ಮ ಹೆಂಚಿನ ಸದ್ದು ಶುರುವಾಗುತ್ತದೆ ಎಂದು ತಿಳಿಯದಾಯಿತು. ತಮ್ಮ ಮಾತಿಲ್ಲದೆ ಎದ್ದು ಟಾರ್ಚ್ ತೆಗೆದುಕೊಂಡು ಹಿತ್ತಿಲ ಬಾಗಿಲಿನ ಕಡೆ ಹೋದ. ಚಿಲಕ ಹಾಕಿಯೇ ಇತ್ತು. ಅವನು ವಾಪಸ್ ಬಂದು ಕೂತ ಮೇಲೆ ನಾನೂ ಒಮ್ಮೆ ಹೋಗಿ ಮುಟ್ಟಿ ನೋಡಿ ಬಂದೆ.